ಮೊದಲ ರಾತ್ರಿಯೇ ಕೈಬಿಡಬೇಡಿ

ಮಾನ್ಯರೇ,

ಕಳೆದ ವರ್ಷ ನಮ್ಮ ಯಜಮಾನರಿಗೆ ಬಿಪಿ ಏರಿ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಆಸ್ಪತ್ರೆಗೆ ಸೇರಿಸಿ ಮೂರು ಗಂಟೆಯೂ ಆಗಿರಲಿಲ್ಲ. ‘ಸ್ಕೋರ್ 3 ಇದೆ, ಮನೆಗೆ ಕರ್ಕೊಂಡು ಹೋಗೋದಾದ್ರೆ ಹೋಗಿ’ ಎಂದರು ಡ್ಯೂಟಿ ಡಾಕ್ಟರು. ನನಗೆ ಕೈಕಾಲೇ ಆಡಲಿಲ್ಲ.

ಅದು ಐಸಿಎಚ್ (ಮಿದುಳಿನೊಳಗಿನ ರಕ್ತಸ್ರಾವ) ಸ್ಕೋರ್ ಎಂದು ನರ್ಸಿಂಗ್ ಓದಿದ ಮಗಳು ಆಮೇಲೆ ಬಿಡಿಸಿ ಹೇಳಿದಳು. 2001ರಲ್ಲಿ ಅಮೆರಿಕದ ವೈದ್ಯರು ಮಾಡಿದ ಲೆಕ್ಕ. ರೋಗಿಗೆ ಎಚ್ಚರ ಎಷ್ಟಿದೆ, ರಕ್ತ 30 ಮಿ.ಲೀ. ಮುಟ್ಟಿದೆಯೇ, ಮಿದುಳಿನ ಒಳಕೋಣೆಗೆ ನುಗ್ಗಿದೆಯೇ, ಸ್ರಾವ ಕೆಳಭಾಗದಲ್ಲಿದೆಯೇ, ವಯಸ್ಸು 80 ಆಗಿದೆಯೇ ಎಂದು ನೋಡಿ 0ಯಿಂದ 6ರವರೆಗೆ ಅಂಕ ಕೊಡುತ್ತಾರೆ; ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಆ ಮೊದಲ ಅಧ್ಯಯನದಲ್ಲಿ 3 ಬಂದವರಲ್ಲಿ ಶೇ 72 ಮಂದಿ ತಿಂಗಳೊಳಗೆ ತೀರಿಕೊಂಡಿದ್ದರು. ಉಳಿದ ಶೇ 28ರ ಮಾತನ್ನು ನಮಗೆ ಯಾರೂ ಹೇಳಲಿಲ್ಲ. ಬೇಗ ಚಿಕಿತ್ಸೆ ನಿಲ್ಲಿಸಿದರೆ ‘ಉಳಿಯೋದಿಲ್ಲ’ ಎಂಬ ಭವಿಷ್ಯ ತಾನಾಗಿಯೇ ನಿಜವಾಗುತ್ತದೆ, ಅಲ್ವಾ?

ನಾವು ಹೋಗಲಿಲ್ಲ. ಯಜಮಾನರು ಈಗ ಕೋಲು ಹಿಡಿದು ತುಳಸಿಕಟ್ಟೆವರೆಗೆ ನಡೆಯುತ್ತಾರೆ. ಎಡಗೈ ಇನ್ನೂ ಬಂದಿಲ್ಲ.

ಚಿಕಿತ್ಸೆ ನಿಲ್ಲಿಸುವ ನಿರ್ಧಾರವನ್ನು ಆಸ್ಪತ್ರೆಗೆ ಸೇರಿದ ಮೇಲೆ ಕನಿಷ್ಠ ಎರಡನೇ ಪೂರ್ತಿ ದಿನದವರೆಗೆ ಮುಂದೂಡಿ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ 2022ರ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮ ಜಿಲ್ಲೆಯ ವೈದ್ಯರು ಮನೆಯವರಿಗೆ ಅಷ್ಟು ಸಮಯ ಕೊಡಲಿ.

– ನಿವೃತ್ತ ಶಿಕ್ಷಕಿ, ತಿಪಟೂರು