ಬೆಳಕು ಓದಲು ಹೊರಟವಳಿಗೆ

ಸಾಗರ
ಶ್ರಾವಣದ ಎರಡನೇ ಶುಕ್ರವಾರ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ನಿನ್ನೆ ಸಂಜೆ ಹೋದ ಕರೆಂಟು ಇವತ್ತು ಬೆಳಿಗ್ಗೆ ಬಂತು. ಹಾಗಾಗಿ ಮೊದಲ ಪುಟ ಮೇಣದಬತ್ತಿಯಲ್ಲಿ ಬರೆದದ್ದು, ಮಿಕ್ಕಿದ್ದು ಹಗಲಿನಲ್ಲಿ. ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತೆ.

ಕೋಪನ್‌ಹೇಗನ್ನಿಗೆ ಹೋಗಿ ಲೈಟಿಂಗ್ ಡಿಸೈನ್ ಓದುತ್ತೇನೆ ಅಂತ ನೀನು ಹೇಳಿದ ದಿನ ಭಾವ ಕೇಳಿದ್ದು ನೆನಪಿದೆಯಲ್ಲ: "ಬಲ್ಬು ಹಾಕೋದಕ್ಕೂ ಎರಡು ವರ್ಷದ ಎಂ.ಎಸ್ಸಿ.ನಾ?" ನಾನು ಆಗ ನಕ್ಕು ಸುಮ್ಮನಾದೆ. ಊಟದ ಹೊತ್ತಿನಲ್ಲಿ ಅವರ ಜೊತೆ ವಾದಕ್ಕಿಳಿದರೆ ಮಜ್ಜಿಗೆ ಬರೋವರೆಗೂ ಮುಗಿಯೋದಿಲ್ಲ. ಈ ಪತ್ರದಲ್ಲಿ ಅವರಿಗೂ ಒಂದಿಷ್ಟು ಉತ್ತರ ಇದೆ, ಬೇಕಾದರೆ ಓದಿ ಹೇಳು.

ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನೀನು ಹುಟ್ಟಿದ ಮೂರನೇ ದಿನಕ್ಕೆ ಕಾಮಾಲೆಯಾಗಿ ಮೈಯೆಲ್ಲ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಕಣ್ಣಿಗೆ ಪಟ್ಟಿ ಕಟ್ಟಿ ಎರಡು ದಿನ ನೀಲಿ ಲೈಟಿನ ಕೆಳಗೆ ಮಲಗಿಸಿದ್ದರು. ನಿನ್ನ ಅಜ್ಜಿ ಗಾಜಿನ ಈಚೆ ನಿಂತು, "ಔಷಧಿ ಕೊಡೋದು ಬಿಟ್ಟು ಮಗುಗೆ ಲೈಟು ಹಾಕಿದಾರಲ್ಲೋ" ಅಂತ ಗೊಣಗುತ್ತಿದ್ದಳು. ಆ ಲೈಟೇ ಔಷಧಿ ಅಂತ ಅವಳಿಗೆ ಒಪ್ಪಿಸೋದು ನನ್ನಿಂದ ಆಗಲಿಲ್ಲ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾಗಿಯೂ. ಆ ಚಿಕಿತ್ಸೆ ಹುಟ್ಟಿದ್ದು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ. ಅಲ್ಲಿ ಜೀನ್ ವಾರ್ಡ್ ಅಂತ ಒಬ್ಬ ಸಿಸ್ಟರ್ ಇದ್ದರು. ಬಿಸಿಲು ಬಿದ್ದ ದಿನ, ತಿಂಗಳು ತುಂಬುವ ಮುಂಚೆ ಹುಟ್ಟಿದ ಎಳೆಗೂಸುಗಳನ್ನು ಅಂಗಳಕ್ಕೆ ತರುತ್ತಿದ್ದರು. 1956ರಲ್ಲಿ ಒಂದು ದಿನ ಅವರು ಡಾಕ್ಟರಿಗೆ ಒಂದು ಮಗುವನ್ನು ತೋರಿಸಿದರು: ಮೈಯೆಲ್ಲ ತಿಳಿಯಾಗಿತ್ತು, ಹೊದಿಕೆಯ ಮೂಲೆ ಮುಚ್ಚಿದ್ದಷ್ಟು ಜಾಗ ಮಾತ್ರ ಹಳದಿಯಾಗೇ ಉಳಿದಿತ್ತು. 1958ರಲ್ಲಿ ಅಲ್ಲಿನ ಡಾಕ್ಟರುಗಳು ದೀಪದ ಚಿಕಿತ್ಸೆಯ ಮೊದಲ ವರದಿ ಪ್ರಕಟಿಸಿದರು. ಸಿಸ್ಟರ್ ಹತ್ತಿರ ಬೆಳಕು ಅಳೆಯುವ ಮೀಟರ್ ಇರಲಿಲ್ಲ. ಮಗುವನ್ನು ದಿನಾ ನೋಡುವ ಅಭ್ಯಾಸ ಇತ್ತು, ಅಷ್ಟೇ.

ನೀನು ಹೋಗುವ ಊರಿನಲ್ಲೇ ಇದಕ್ಕೂ ಹಿಂದಿನ ಕಥೆಯೊಂದಿದೆ. ನೀಲ್ಸ್ ಫಿನ್ಸನ್ ಎಂಬ ವೈದ್ಯ, ಸದಾ ಕಾಯಿಲೆಯ ಮನುಷ್ಯ. ಉತ್ತರಕ್ಕೆ ಮುಖವಾದ ಮನೆಯಲ್ಲಿದ್ದು, ಬಿಸಿಲಿಗೆ ಬಂದರೆ ಮೈಗೆ ಹಿತವಾಗುತ್ತೆ ಅನ್ನೋದನ್ನು ತನ್ನ ಮೇಲೇ ಗಮನಿಸಿಕೊಂಡವನು. ಚರ್ಮದ ಕ್ಷಯಕ್ಕೆ ಬೆಳಕಿನಿಂದ ಚಿಕಿತ್ಸೆ ಮಾಡಿ 1903ರಲ್ಲಿ ನೊಬೆಲ್ ಪಡೆದ, ಮರುವರ್ಷವೇ ತೀರಿಕೊಂಡ. ಬೆಳಕು ಮೈಗೆ ಏನೋ ಮಾಡುತ್ತೆ ಅನ್ನೋದು ನಿನ್ನ ಪ್ರೊಫೆಸರುಗಳು ಮೊನ್ನೆ ಕಂಡುಕೊಂಡ ಸಂಗತಿಯಲ್ಲ.

ಈಗ ನನ್ನ ಕಥೆ. ನಮ್ಮ ಹವ್ಯಾಸಿ ನಾಟಕ ತಂಡಕ್ಕೆ ಸುಮಾರು ಮೂವತ್ತು ವರ್ಷ ಬೆಳಕು ಮಾಡಿದವನು ನಾನು. ಶುರುವಿನಲ್ಲಿ ನಮ್ಮ ಡಿಮ್ಮರ್ ಅಂದರೆ ಮಣ್ಣಿನ ಪೈಪು, ಅದರಲ್ಲಿ ಉಪ್ಪುನೀರು, ನೀರಿಗೆ ಇಳಿಬಿಟ್ಟ ತಗಡು. ತಗಡು ಆಳಕ್ಕೆ ಇಳಿದಂತೆ ರಂಗದ ಮೇಲೆ ಬೆಳಗಾಗುತ್ತಿತ್ತು, ಎತ್ತಿದರೆ ಸಂಜೆ. ಮೂರನೇ ಅಂಕದ ಹೊತ್ತಿಗೆ ನೀರು ಕುದಿಯಲು ಹತ್ತುತ್ತಿತ್ತು. ಒಂದೆರಡು ಸಲ ಶಾಕ್ ಹೊಡೆಸಿಕೊಂಡಿದ್ದೂ ಉಂಟು, ನಿನ್ನ ಅತ್ತೆಗೆ ಇವತ್ತಿಗೂ ಹೇಳಿಲ್ಲ. ಒಮ್ಮೆ ತಾಯಿ ಮಗನ ಹೆಣದ ಮುಂದೆ ಕೂತಿರುವ ರಾತ್ರಿಯ ದೃಶ್ಯ. ನಾನು ದಟ್ಟ ನೀಲಿ ಜಿಲೆಟಿನ್ ಕಾಗದ ಹಾಕಿ, ಒಂದೇ ಒಂದು ಸ್ಪಾಟನ್ನು ಹಿಂದಿನಿಂದ ಬಿಟ್ಟಿದ್ದೆ. ತಂಡದವರೆಲ್ಲ ಭುಜ ತಟ್ಟಿದರು. ಆಟ ಮುಗಿದ ಮೇಲೆ ಎರಡನೇ ಸಾಲಿನಲ್ಲಿದ್ದ ಒಬ್ಬ ಅಜ್ಜಿ ನನ್ನನ್ನು ಹುಡುಕಿಕೊಂಡು ಬಂದು ಕೇಳಿದ್ದು ಒಂದೇ ಮಾತು: "ಅಳ್ತಿದ್ದಿದ್ದು ಯಾರು ತಮ್ಮಾ? ಮುಖ ಕಾಣ್ಲೇ ಇಲ್ಲ."

ನನಗೆ ಆವತ್ತು ಸಿಟ್ಟೇ ಬಂದಿತ್ತು. ಅರ್ಥವಾಗಲು ನಾನೂ ಅರವತ್ತು ದಾಟಬೇಕಾಯಿತು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತೆ, ಮಸೂರ ಹಳದಿಗಟ್ಟುತ್ತೆ. ಇಪ್ಪತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕಿನಲ್ಲಿ ಅರವತ್ತರವರಿಗೆ ದಕ್ಕುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಅದರಲ್ಲೂ ಮೊದಲು ಕಳೆದುಹೋಗುವುದು ನೀಲಿ. ನಾನು ಆರಿಸಿ ಆರಿಸಿ ಆ ಅಜ್ಜಿಗೆ ಕಾಣದ ಬಣ್ಣವನ್ನೇ ಹಾಕಿದ್ದೆ. ನಿನ್ನ ಕ್ಲಾಸಿನಲ್ಲಿ ಇರುವವರೆಲ್ಲ ಇಪ್ಪತ್ತೈದರ ಆಸುಪಾಸಿನವರು. ನೀವು ನೀವೇ ನೋಡಿ "ಆಹಾ" ಅಂದುಕೊಂಡದ್ದನ್ನು ನಂಬಬೇಡ. ಯಾರಾದರೂ ಮುದುಕರನ್ನು ಕರೆದುಕೊಂಡು ಬಂದು ಮೆಟ್ಟಿಲು ಇಳಿಸಿ ನೋಡು.

ಈಗ ಕಣ್ಣಿನದೇ ಇನ್ನೊಂದು ಸಂಗತಿ. ನಾನು ಮಕ್ಕಳಿಗೆ ಪಾಠ ಮಾಡುವಾಗ ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶ ಎರಡೇ ಬಗೆ, ಕಂಬಿ ಮತ್ತು ಶಂಕು, ಅಂತ ಬೋರ್ಡಿನ ಮೇಲೆ ಬರೆದು ಅಂಕ ಕೊಟ್ಟಿದ್ದೇನೆ. 2002ರ ಹೊತ್ತಿಗೆ ಮೂರನೆಯದು ಇರುವುದು ಖಚಿತವಾಯಿತು. ಅದರಲ್ಲಿ ಮೆಲನಾಪ್ಸಿನ್ ಅಂತ ಒಂದು ವರ್ಣದ್ರವ್ಯ, ಸುಮಾರು 480 ನ್ಯಾನೋಮೀಟರಿನ ನೀಲಿಗೆ ಎಲ್ಲಕ್ಕಿಂತ ಚುರುಕು. ಆ ಕೋಶದ ಮುಖ್ಯ ಕೆಲಸ ಚಿತ್ರ ಕಾಣಿಸುವುದಲ್ಲ, ಈಗ ಹಗಲೋ ರಾತ್ರಿಯೋ ಅಂತ ಮಿದುಳಿನ ಗಡಿಯಾರಕ್ಕೆ ವರದಿ ಒಪ್ಪಿಸುವುದು. 2022ರಲ್ಲಿ ಈ ವಿಷಯದ ವಿಜ್ಞಾನಿಗಳ ಗುಂಪೊಂದು ಕೂತು ಲೆಕ್ಕ ಕಟ್ಟಿಕೊಟ್ಟಿದೆ: ಆ ಕೋಶದ ಅಳತೆಯಲ್ಲಿ ಹಗಲು ಕನಿಷ್ಠ 250 ಲಕ್ಸ್ (ಲಕ್ಸ್ ಅಂದರೆ ಬೆಳಕನ್ನು ಅಳೆಯುವ ಮಾನ), ಮಲಗುವ ಮೂರು ಗಂಟೆ ಮುಂಚಿನಿಂದ 10 ಮೀರಬಾರದು, ಮಲಗುವ ಕೋಣೆಯಲ್ಲಿ 1. ಇದನ್ನು ಅಳೆಯಬೇಕಾದದ್ದು ಕಣ್ಣಿನ ಹತ್ತಿರ, ಮುಖಕ್ಕೆ ಎದುರಾಗಿ. ನಮ್ಮ ಎಂಜಿನಿಯರುಗಳು ಮೀಟರನ್ನು ಮೇಜಿನ ಮೇಲೆ ಮಲಗಿಸಿ ಅಳೆದು ಬಿಲ್ಲು ಪಾಸು ಮಾಡುತ್ತಾರೆ. ಮೇಜಿಗೆ ನಿದ್ದೆ ಬರೋದಿಲ್ಲ ಪುಟ್ಟಿ.

ಅಂಕಿ ಹೇಳಿದೆ ಅಂತ ಅದನ್ನೇ ಹಿಡಿದು ಕೂರಬೇಡ. ನಿನ್ನ ಅಮ್ಮನನ್ನೇ ನೋಡು. ಅಕ್ಕ ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡಿದವಳು. ಬೆಳಿಗ್ಗೆ ಎಂಟಕ್ಕೆ ಬಿಟ್ಟರೆ, ಬಸ್ಸಿನ ಕಿಟಕಿಯಲ್ಲಿ ಎಳೆಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಮನೆಗೆ ಬಂದು ಕಿಟಕಿಗೆ ಕಂಬಳಿ ಕಟ್ಟಿ ಮಲಗಿದರೂ ಹನ್ನೊಂದರವರೆಗೆ ಹೊರಳಾಟ. ನಾವೆಲ್ಲ ಅದನ್ನು ಅವಳ ಯೋಚನೆಯ ಸ್ವಭಾವ ಅಂದುಕೊಂಡಿದ್ದೆವು. ದಾರಿಯ ಬಿಸಿಲೇ ಮೈಗೆ "ಬೆಳಗಾಯಿತು, ಏಳು" ಅಂತ ಹೇಳಿ ಕಳಿಸುತ್ತಿತ್ತು ಅನ್ನೋದು ಹೊಳೆಯಲಿಲ್ಲ. ರಾತ್ರಿಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ "ಬಹುಶಃ ಕ್ಯಾನ್ಸರ್‌ಕಾರಕ" ಎಂಬ ಪಟ್ಟಿಗೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಅದಕ್ಕೆ ಬೆಳಕೊಂದೇ ಕಾರಣ ಅಂತ ಯಾರೂ ಹೇಳಿಲ್ಲ, ನೀನೂ ಹೇಳಬೇಡ.

ಆದರೆ ಆ ವಾರ್ಡನ್ನು ಒಮ್ಮೆ ಕಣ್ಣಮುಂದೆ ತಂದುಕೋ. ರಾತ್ರಿ ಎರಡು ಗಂಟೆ. ಅಕ್ಕನಿಗೆ ರೋಗಿಯ ತುಟಿಯ ಬಣ್ಣ ಕಾಣಬೇಕು, ನರ ಸಿಗಬೇಕು, ಔಷಧಿಯ ಚೀಟಿ ಓದಬೇಕು. ಅದಕ್ಕೆ ಚೆನ್ನಾದ ಬೆಳಕು ಬೇಕು. ಪಕ್ಕದ ಹಾಸಿಗೆಯ ರೋಗಿಗೆ ಕತ್ತಲೆ ಬೇಕು. ಅಲ್ಲೇ ನೆಲದ ಮೇಲೆ ಚಾಪೆ ಹಾಸಿಕೊಂಡ ಅವನ ಹೆಂಡತಿಗೂ ಕತ್ತಲೆ ಬೇಕು, ಆದರೆ ಪೂರ್ತಿ ಕತ್ತಲೆ ಭಯ. ಇಡೀ ವಾರ್ಡಿಗೆ ಇದ್ದದ್ದು ಒಂದೇ ಸ್ವಿಚ್ಚು. ಅಕ್ಕ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಸೂಜಿ ಚುಚ್ಚುತ್ತಿದ್ದಳು. ಭಾವನಿಗೆ ನನ್ನ ಉತ್ತರ ಇದೇ: ಆ ಟಾರ್ಚು ಅಕ್ಕನ ಬಾಯಿಂದ ಇಳಿಯಬೇಕಾದರೆ ಎರಡು ವರ್ಷದ ಓದು ಹೆಚ್ಚೇನೂ ಅಲ್ಲ.

ಡೆನ್ಮಾರ್ಕಿನಲ್ಲಿ ನೀನು ಪಿಎಚ್ ದೀಪಗಳನ್ನು ಎಲ್ಲೆಲ್ಲೂ ನೋಡುತ್ತೀಯ. ಪಿಎಚ್ ಅಂದರೆ ಅವನ್ನು ರೂಪಿಸಿದವನ ಹೆಸರಿನ ಮೊದಲಕ್ಷರಗಳು. ಪೌಲ್ ಹೆನ್ನಿಂಗ್‌ಸನ್ ಹುಟ್ಟಿದ್ದು 1894ರಲ್ಲಿ, ಬೆಳೆದದ್ದು ಸೀಮೆಎಣ್ಣೆ ದೀಪದ ಬೆಳಕಿನಲ್ಲಿ. ಕರೆಂಟಿನ ಬಲ್ಬು ಬಂದಾಗ ಎಲ್ಲರೂ ಕುಣಿದರೆ, ಈತನಿಗೆ ಅದು ಕಣ್ಣಿಗೆ ಚುಚ್ಚಿತು. ಹಳೆಯ ದೀಪದ ಹಿತ ಹೊಸ ಬಲ್ಬಿಗೂ ಬರಬೇಕು ಅಂತ ಒದ್ದಾಡಿ, 1926ರ ಹೊತ್ತಿಗೆ ಮೂರು ಬಟ್ಟಲು ಕವುಚಿಟ್ಟಂಥ ದೀಪದ ಶೇಡನ್ನು ಮಾಡಿದ. ಮೇಜಿನ ಸುತ್ತ ಕೂತವರಿಗೆ ಬಲ್ಬು ನೇರವಾಗಿ ಕಾಣುವುದೇ ಇಲ್ಲ. ಲಾಟೀನಿನ ಗಾಜನ್ನು ಬೂದಿ ಹಾಕಿ ಒರೆಸಿ ಬೆಳೆದ ನನ್ನಂಥವನಿಗೆ ಈ ಮನುಷ್ಯ ನೆಂಟನ ಹಾಗೆ ಕಾಣುತ್ತಾನೆ. ಯುದ್ಧಕಾಲದಲ್ಲಿ ದೇಶ ನಾಜಿಗಳ ವಶದಲ್ಲಿದ್ದಾಗ ಊರೆಲ್ಲ ದೀಪ ಮುಚ್ಚಬೇಕಾಗಿತ್ತು. ಟಿವೊಲಿ ಅಂತ ಅಲ್ಲಿ ಹಳೆಯ ಉದ್ಯಾನವಿದೆ, ಅದಕ್ಕೆ ಈತ 1941ರಲ್ಲಿ ಒಂದು ದೀಪ ಮಾಡಿಕೊಟ್ಟ: ಕೆಳಗೆ ಓಡಾಡುವವರಿಗೆ ಬೆಳಕು, ಮೇಲೆ ಹಾರುವ ವಿಮಾನಕ್ಕೆ ಕತ್ತಲೆ. ಮಧ್ಯರಾತ್ರಿಯವರೆಗೆ ಉದ್ಯಾನ ತೆರೆದಿತ್ತು. ನಮ್ಮ ಬೀದಿಯ ಹೊಸ ಎಲ್‌ಇಡಿ ದೀಪ ಹಾಕಿದವರಿಗೆ ಈ ಕಥೆ ಹೇಳಬೇಕು ಅನ್ನಿಸುತ್ತೆ. ಅದು ರಸ್ತೆಯ ಗುಂಡಿಗಿಂತ ನನ್ನ ದಿಂಬಿಗೆ ಹೆಚ್ಚು ಬೆಳಕು ಕೊಡುತ್ತೆ. ಹೇಳಿ ನೋಡಿದೆ. "ಸಾರ್, ಬೆಳಕು ಜಾಸ್ತಿ ಅಂತ ದೂರು ಕೊಟ್ಟವರು ನೀವೊಬ್ಬರೇ" ಅಂದರು.

ಇನ್ನೊಂದು ವಿಷಯಕ್ಕೆ ಎಚ್ಚರ ಇರಲಿ. "ಈ ದೀಪ ಹಾಕಿದರೆ ಮಕ್ಕಳು ಚೆನ್ನಾಗಿ ಓದುತ್ತಾರೆ, ಕೆಲಸಗಾರರು ದುಪ್ಪಟ್ಟು ದುಡಿಯುತ್ತಾರೆ" ಅಂತ ಮಾರುವವರು ನಿನ್ನ ಕ್ಷೇತ್ರದಲ್ಲಿ ತುಂಬ ಸಿಗುತ್ತಾರೆ. ನಾನು ಬಿ.ಎಡ್. ಮಾಡುವಾಗ ಹಾಥಾರ್ನ್ ಪ್ರಯೋಗ ಅಂತ ಒಂದು ಪಾಠ ಇತ್ತು. ಶಿಕಾಗೋ ಪಕ್ಕದ ಕಾರ್ಖಾನೆ, 1924ರಿಂದ 1927. ಬೆಳಕು ಹೆಚ್ಚಿಸಿದರೂ ಉತ್ಪಾದನೆ ಏರಿತು, ತಗ್ಗಿಸಿದರೂ ಏರಿತು, ಯಾಕೆಂದರೆ ತಮ್ಮನ್ನು ಗಮನಿಸುತ್ತಿದ್ದಾರೆ ಅನ್ನೋದೇ ಅವರಿಗೆ ಹುರುಪು. ಎಷ್ಟು ಸೊಗಸಾದ ಕಥೆ! ನಾನೂ ಹತ್ತಾರು ಭಾಷಣಗಳಲ್ಲಿ ಬಳಸಿದ್ದೇನೆ. ಕಳೆದೇ ಹೋಗಿದೆ ಅಂದುಕೊಂಡಿದ್ದ ಆ ಅಂಕಿಅಂಶ ಆಮೇಲೆ ಸಿಕ್ಕಿ, 2011ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಅದನ್ನು ಮತ್ತೆ ಲೆಕ್ಕ ಹಾಕಿದರೆ, ಆ ಪವಾಡ ಬಹುಪಾಲು ಕರಗಿಹೋಯಿತು. ದೀಪ ಬದಲಿಸುತ್ತಿದ್ದದ್ದು ಭಾನುವಾರ. ದೀಪ ಬದಲಿಸಲಿ ಬಿಡಲಿ, ಸೋಮವಾರ ಹೇಗೂ ಕೆಲಸ ಹೆಚ್ಚು ಆಗುತ್ತಿತ್ತು. ಹಾಗಾಗಿ ನಿನ್ನ ಪ್ರಯೋಗದ ಫಲಿತಾಂಶ ನೀನು ಬಯಸಿದ ಹಾಗೇ ಬಂದ ದಿನ ಎರಡು ಪಟ್ಟು ಅನುಮಾನಪಡು. ಅವತ್ತು ಯಾವ ವಾರ ಅಂತಲೂ ನೋಡಿಕೋ.

ಬಣ್ಣದ ವಿಷಯ ನಿನಗೆ ಹೇಳಬೇಕಿಲ್ಲ, ಅಕ್ಕನ ಜೊತೆ ಸೀರೆ ಅಂಗಡಿಗೆ ಹೋದವಳು. ಸೆರಗನ್ನು ಬಾಗಿಲ ಹೊರಗೆ ಬಿಸಿಲಿಗೆ ಹಿಡಿಯದೆ ನಮ್ಮ ಹೆಂಗಸರು ಎಂದಾದರೂ ದುಡ್ಡು ಕೊಟ್ಟಿದ್ದಾರಾ? ದೀಪದ ಡಬ್ಬಿಯ ಮೇಲೆ ಸಿಆರ್‌ಐ 80 ಅಂತ ಇರುತ್ತಲ್ಲ, ಆ ದೀಪದಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತೆ ಅನ್ನೋದಕ್ಕೆ ಕೊಟ್ಟ ಅಂಕ, ಅದು ಎಂಟು ಮಾಸಲು ಬಣ್ಣಗಳ ಮೇಲೆ ತೆಗೆದ ಸರಾಸರಿ. ಗಾಢ ಕೆಂಪು ಆ ಲೆಕ್ಕದಲ್ಲೇ ಇಲ್ಲ. ಕುಂಕುಮ, ರೇಷ್ಮೆಯ ಕೆಂಪು, ತುಟಿಯ ಬಣ್ಣ, ನಮಗೆ ಮುಖ್ಯವಾದದ್ದೆಲ್ಲ ಹೊರಗೇ ಉಳಿಯಿತು.

ನಿನ್ನ ಓದಿನ ಕ್ರಮದ ಬಗ್ಗೆ ಒಂದೆರಡು ಮಾತು. ಆಲ್‌ಬೋರ್ಗ್ ವಿಶ್ವವಿದ್ಯಾಲಯದಲ್ಲಿ (ನಿನ್ನ ಕೋಪನ್‌ಹೇಗನ್ ಕ್ಯಾಂಪಸ್ಸು ಅದರದೇ) ಗುಂಪು ಕಟ್ಟಿಕೊಂಡು ಪ್ರಾಜೆಕ್ಟ್ ಮಾಡುವುದೇ ಪದ್ಧತಿ, 1974ರಲ್ಲಿ ಶುರುವಾದಾಗಿನಿಂದ. ಜೊತೆಗೆ ವಾಸ್ತುಶಿಲ್ಪದವರು, ಎಂಜಿನಿಯರುಗಳು, ಮೀಡಿಯಾದವರು ಎಲ್ಲ ಇರುತ್ತಾರೆ. ಮೇಷ್ಟ್ರು ನೋಟ್ಸ್ ಬರೆಸೋದಿಲ್ಲ. ಅವರನ್ನು ಹೆಸರು ಹಿಡಿದು ಕರೆಯಬೇಕಂತೆ, ಕರೆ, ನಾಲಿಗೆ ಒಗ್ಗುತ್ತೆ. ಆದರೆ ನೀನು ನಮ್ಮ ಮನೆಯವಳು. ಗುಂಪಿನಲ್ಲಿ ಯಾರಾದರೂ ದನಿ ಎತ್ತಿದರೆ ಸುಮ್ಮನಾಗಿ, ರಾತ್ರಿ ಎಲ್ಲರ ಕೆಲಸವನ್ನೂ ನೀನೇ ಮಾಡಿ ಮುಗಿಸುವ ಜಾತಿ. ಅದು ಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು, ಸರಿಯಿಲ್ಲದ್ದನ್ನು ಸರಿಯಿಲ್ಲ ಅನ್ನು.

ಚಳಿಗಾಲಕ್ಕೆ ಮೊದಲೇ ಮನಸ್ಸು ಮಾಡಿಕೋ. ಡಿಸೆಂಬರಿನಲ್ಲಿ ಅಲ್ಲಿ ಏಳು ಗಂಟೆಯ ಹಗಲು. ಎಂಟೂವರೆಗೆ ಸೂರ್ಯ ಬಂದು, ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಹೊರಟುಹೋಗಿರುತ್ತಾನೆ. ನಮ್ಮಲ್ಲಿ ಅದೇ ದಿನ ಹನ್ನೊಂದು ಗಂಟೆ ದಾಟುತ್ತೆ. ಕಾರಣವಿಲ್ಲದೆ ಅಳು ಬಂದರೆ, ಮಧ್ಯಾಹ್ನವೇ ಮಲಗಬೇಕು ಅನ್ನಿಸಿದರೆ, ಮನೆ ನೆನಪು ಅಂತಷ್ಟೇ ತಿಳಿಯಬೇಡ. ಬೆಳಿಗ್ಗೆ ಎಷ್ಟೇ ಮೋಡವಿರಲಿ, ಕೋಟು ಹಾಕಿಕೊಂಡು ಅರ್ಧ ಗಂಟೆ ಹೊರಗೆ ನಡೆ. ಮಂಕು ಕವಿದ ಆಕಾಶವೂ ನಿನ್ನ ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದರೂ ಸರಿಹೋಗದಿದ್ದರೆ ಡಾಕ್ಟರ ಹತ್ತಿರ ಹೋಗು, ನಾಚಿಕೆ ಪಡಬೇಡ. ಅಮ್ಮನಿಗೆ ಹೇಳಲು ಆಗದಿದ್ದರೆ ನನಗೆ ಫೋನು ಮಾಡು, ಇಲ್ಲಿ ರಾತ್ರಿ ಎಷ್ಟು ಹೊತ್ತಾಗಿದ್ದರೂ ಸರಿ. ಬೀದಿದೀಪದ ದಯೆಯಿಂದ ನಾನು ಹೇಗೂ ಎಚ್ಚರವಾಗೇ ಇರುತ್ತೇನೆ.

ಈ ಪತ್ರದ ಜೊತೆ ನನ್ನ ಹಳೆಯ ಲಕ್ಸ್ ಮೀಟರ್ ಇಟ್ಟಿದ್ದೇನೆ. ಕಾಲೇಜಿನಲ್ಲಿ ಇದಕ್ಕಿಂತ ಒಳ್ಳೆಯದು ಇರುತ್ತೆ, ಆದರೂ ಇರಲಿ. ಡಿಸೆಂಬರ್ 21ರ ಮಧ್ಯಾಹ್ನ ಹನ್ನೆರಡಕ್ಕೆ ನಿನ್ನ ಕಿಟಕಿಯ ಹತ್ತಿರ ಮುಖದ ಎತ್ತರಕ್ಕೆ ಹಿಡಿದು ಎಷ್ಟು ಬಂತು ಅಂತ ಬರೆ. ನಾನು ಇಲ್ಲಿ ಜಗುಲಿಯಲ್ಲಿ ಮೊಬೈಲಿನಲ್ಲಿ ಅಳೆದು ಬರೆಯುತ್ತೇನೆ. ಅತ್ತೆ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಎರಡು ಬಾಟಲಿ. ಅದನ್ನು ಮಾತ್ರ ಮೀಟರಿನ ಪಕ್ಕ ಇಡಬೇಡ.

ಇಂತಿ ನಿನ್ನ
ಮಾವ