ಮಳೆಗಾಲಕ್ಕೆ ಮುಂಚೆ, ಅಜ್ಜಿಯ ವಿಷಯವಾಗಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾನು ಹಾಸನದಿಂದ ಮರಳುವವರೆಗೆ ಮಲ್ಲೇಶ್ವರದ ಮನೆಯಲ್ಲಿ ಅಜ್ಜಿಯ ಜವಾಬ್ದಾರಿ ನಿನ್ನದಾಗಿರುವುದರಿಂದ, ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಬರೆದು ತಿಳಿಸುವುದೇ ಸರಿಯೆನಿಸಿತು. ನಮ್ಮ ಕಡೆ ಮಳೆ ಹಿಡಿದ ಮೇಲೆ ಫ್ಲೂ ಹೆಚ್ಚುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಮತ್ತೊಮ್ಮೆ ಏರುವುದುಂಟು. ನಾವು ನಾಲ್ಕು ದಿನ ಮಲಗಿ ಏಳುವ ಜ್ವರ, ಸಕ್ಕರೆ ಕಾಯಿಲೆಯೂ ಇರುವ ಅಜ್ಜಿಗೆ ನ್ಯುಮೋನಿಯಾಕ್ಕೆ ತಿರುಗಬಹುದು.

ಅವರು ಹೊಸಿಲು ದಾಟುವುದೇ ಅಪರೂಪ. ಹಾಗಾಗಿ ಸೋಂಕು ಅವರನ್ನು ಮುಟ್ಟಿದರೆ ಅದು ಮೆಟ್ರೊದಲ್ಲಿ ಓಡಾಡುವ ನಿನ್ನಿಂದಲೋ, ಹಗಲು ನೋಡಿಕೊಳ್ಳಲು ಬರುವ ಅಕ್ಕನಿಂದಲೋ, ಶಾಲೆಗೆ ಹೋಗುವ ಚಿಕ್ಕಪ್ಪನ ಮಕ್ಕಳಿಂದಲೋ ಬಂದಿರುತ್ತದೆ. ಕೆಮ್ಮು, ಜ್ವರ ಕಾಣಿಸುವ ಹಿಂದಿನ ದಿನವೇ ಸೋಂಕು ಹರಡಬಲ್ಲದಾದ್ದರಿಂದ, ಹುಷಾರಿಲ್ಲದಾಗ ದೂರವಿರುತ್ತೇನೆಂಬ ಎಚ್ಚರವೊಂದೇ ಸಾಲದು. ವಯಸ್ಸಾದವರ ದೇಹಕ್ಕೆ ಫ್ಲೂ ಲಸಿಕೆಯಿಂದ ಸಿಗುವ ರಕ್ಷಣೆಯೂ ಕಡಿಮೆ. ಆದ್ದರಿಂದ ಅಜ್ಜಿಗೆ ಹಾಕಿಸುವಾಗಲೇ ನೀನೂ ಹಾಕಿಸಿಕೋ. ಅಕ್ಕನಿಗೂ ಮನೆಯ ಖರ್ಚಿನಲ್ಲೇ ಹಾಕಿಸು. ಸೂಜಿಯಿಂದಲೇ ಫ್ಲೂ ಬರುತ್ತದೆಂದು ಆಕೆ ಹೆದರಿದರೆ, ಅದರಲ್ಲಿ ಜೀವಂತ ವೈರಸ್ ಇರುವುದಿಲ್ಲವೆಂದೂ, ತೋಳುನೋವು, ಸ್ವಲ್ಪ ಮೈ ಬಿಸಿ ಒಂದೆರಡು ದಿನದಲ್ಲಿ ಹೋಗುತ್ತದೆಂದೂ ಸಮಾಧಾನವಾಗಿ ವಿವರಿಸು. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯಲ್ಲಿ ಯಾವ ವೈರಸ್ ತಳಿಗಳಿರಬೇಕೆಂದು ವರ್ಷಕ್ಕೆ ಎರಡು ಬಾರಿ ಶಿಫಾರಸು ಮಾಡುತ್ತದೆ. ಕಳೆದ ವರ್ಷ ಹಾಕಿಸಿದ್ದೇವೆಂದು ಈ ವರ್ಷ ಬಿಡುವಂತಿಲ್ಲ. ರಕ್ಷಣೆ ಮೂಡಲು ಸುಮಾರು 2 ವಾರ ಬೇಕು. ಗೌರಿ-ಗಣೇಶ ಹಬ್ಬಕ್ಕೆ ನೆಂಟರು ಬಂದು ತುಂಬಿಕೊಳ್ಳುವ ಹೊತ್ತಿಗೆ ಇದೆಲ್ಲ ಮುಗಿದಿರಲಿ. ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾದಿಂದ ಕಾಪಾಡುವ ನ್ಯುಮೊಕಾಕಲ್ ಲಸಿಕೆ ಬೇರೆಯದು. ಅದನ್ನೂ ಡಾಕ್ಟರನ್ನು ಕೇಳು.

ಅಕ್ಕನಿಗೆ ಜ್ವರ ಬಂದರೆ ರಜೆ ಕೊಡು, ಸಂಬಳ ಮುರಿದುಕೊಳ್ಳಬೇಡ. ಸಂಬಳ ಹೋಗುವ ಭಯದಲ್ಲಿ ಮಾತ್ರೆ ನುಂಗಿ ಕೆಲಸಕ್ಕೆ ಬರುವ ಪರಿಸ್ಥಿತಿಯನ್ನು ನಾವೇ ತಂದಿಟ್ಟು, ಆಮೇಲೆ ಆಕೆಯನ್ನು ದೂರುವುದು ನ್ಯಾಯವಲ್ಲ.

ಹೊರಗಿಂದ ಬಂದವಳೇ ಸೋಪಿನಲ್ಲಿ 20 ಸೆಕೆಂಡಾದರೂ ಕೈ ತೊಳೆದುಕೊಂಡು ಅವರ ಕೋಣೆಗೆ ಹೋಗು. ನಿನಗೇ ನೆಗಡಿಯಾಗಿದ್ದರೆ ಮಾಸ್ಕ್ ಹಾಕಿಕೋ. ಥಂಡಿ ಗಾಳಿಯಿಂದಲೇ ಜ್ವರವೆಂದು ಅಜ್ಜಿ ಕಿಟಕಿ ಮುಚ್ಚಿಸುತ್ತಾರೆ. ವಾದಕ್ಕಿಳಿಯದೆ, ಶಾಲು ಹೊದಿಸಿ, ಅವರ ಮೇಲೆ ನೇರ ಗಾಳಿ ಬೀಸದ ಕಡೆಯ ಕಿಟಕಿಯನ್ನು ತೆರೆದಿಡು. ಅಜ್ಜಿಯ ಬಾಯಿ, ಮೂಗು ಒರೆಸಲು ನಿನ್ನ ದುಪಟ್ಟಾ ಬೇಡ. ಒರೆಸಿದ ಟಿಶ್ಯೂ ಎಸೆದು ಕೈ ತೊಳೆದುಕೋ.

ಎಲ್ಲಕ್ಕಿಂತ ಮುಖ್ಯವಾದ ವಿಷಯ: ಈ ವಯಸ್ಸಿನಲ್ಲಿ ಫ್ಲೂ ಬಂದರೂ ಜ್ವರವೇ ಕಾಣಿಸದಿರಬಹುದು. ಮಧ್ಯಾಹ್ನ ಹೂಬತ್ತಿ ಮಾಡಲು ಕೂತವರು ಹತ್ತಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರೆ, ಕಾಫಿಯನ್ನು ಅರ್ಧಕ್ಕೇ ಬಿಟ್ಟರೆ, ನಡೆಯುವಾಗ ತೂರಾಡಿದರೆ, ವಯಸ್ಸಾಯಿತೆಂದು ತಳ್ಳಿಹಾಕದೆ ಅಂದೇ ಡಾಕ್ಟರಿಗೆ ತೋರಿಸು. ಫ್ಲೂ ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್ ಎಂಬ ಔಷಧ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಪ್ರಯೋಜನ. ಅದನ್ನು ಕೊಡಬೇಕೇ ಎಂದು ತೀರ್ಮಾನಿಸುವವರು ಡಾಕ್ಟರು. ಮೆಡಿಕಲ್ ಶಾಪಿನಿಂದ ನೀನಾಗಿಯೇ ಆ್ಯಂಟಿಬಯಾಟಿಕ್ ತಂದು ಕೊಡಬೇಡ. ಅದು ವೈರಸ್ಸಿಗೆ ನಾಟುವುದಿಲ್ಲ. ಉಸಿರಾಟ ಕಷ್ಟವಾದರೆ ಅಥವಾ ಮಾತು ತಡವರಿಸಿದರೆ ನನ್ನ ಫೋನಿಗೆ ಕಾಯದೆ ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗು. ಹಾಸನದಿಂದ ನಾನು ಸಿಕ್ಕಿದ ಬಸ್ಸು ಹತ್ತಿ ಬರುತ್ತೇನೆ.

ಇಂತಿ ನಿನ್ನ
ಅಮ್ಮ