ಕೊಲೆಯ ಕಥೆ ಸಾಕು, ಚಿತ್ರ ತೋರಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬ್ರೆಜಿಲ್‌ನ ಚಿತ್ರಕಾರ ಅಲ್ಮೇಡಾ ಜೂನಿಯರ್ ಬಗ್ಗೆ ಬಂದ ಲೇಖನ ಓದಿದೆ. ಕನ್ನಡ ಪತ್ರಿಕೆಯೊಂದು ಅವರ ಹೆಸರು ಎತ್ತಿದ್ದೇ ಖುಷಿ. ಆದರೆ ಲೇಖನದ ಅರ್ಧಕ್ಕಿಂತ ಜಾಸ್ತಿ ಭಾಗ ಅವರ ಕೊಲೆಗೇ ಹೋಗಿದೆ. 1899ರ ನವೆಂಬರ್ 13, ಪಿರಸಿಕಾಬಾ ಊರಿನ ಹೋಟೆಲ್ ಬಾಗಿಲು, ಚೂರಿ ಹಿಡಿದು ಬಂದ ಸಂಬಂಧಿಕ, ಆತನ ಹೆಂಡತಿಗೂ ಚಿತ್ರಕಾರನಿಗೂ ಇದ್ದ ಪ್ರೀತಿ. ಎಲ್ಲ ನಿಜವೇ. ಆದರೆ ಚಿತ್ರಗಳ ಬಗ್ಗೆ ಇದ್ದದ್ದು ಒಂದೇ ಸಾಲು: 'ಅಕಾಡೆಮಿಕ್ ಶೈಲಿ, ಯುರೋಪಿನ ನಕಲು'. ಅಕಾಡೆಮಿಕ್ ಅಂದರೆ ಯುರೋಪಿನ ಕಲಾಶಾಲೆಗಳು ಕಲಿಸಿದ ಕಟ್ಟುನಿಟ್ಟಿನ ರೀತಿ. ನನ್ನ ತಕರಾರು ಆ ಸಾಲಿನ ಬಗ್ಗೆ.

ಅಲ್ಮೇಡಾ ಹುಟ್ಟಿದ್ದು 1850ರಲ್ಲಿ, ಸಾವ್ ಪಾಲೊ ಪ್ರಾಂತ್ಯದ ಇಟು ಎಂಬ ಊರಿನಲ್ಲಿ. ರಿಯೊ ನಗರದ ಇಂಪೀರಿಯಲ್ ಕಲಾ ಅಕಾಡೆಮಿಯಲ್ಲಿ ಕಲಿತರು. ವಿಕ್ಟರ್ ಮೇರೆಲೆಸ್ ಅಲ್ಲಿ ಅವರ ಮೇಷ್ಟ್ರು. ಅಲ್ಮೇಡಾರ ಹಳ್ಳಿ ಮಾತು ಕೇಳಿ ಜೊತೆಯವರು ನಗುತ್ತಿದ್ದರಂತೆ. ಆಗಿನ ಬ್ರೆಜಿಲ್ ಚಕ್ರವರ್ತಿ ಎರಡನೇ ಪೆದ್ರೊ ಅವರ ಕೆಲಸ ಮೆಚ್ಚಿ ತಮ್ಮ ಖರ್ಚಿನಲ್ಲಿ ಪ್ಯಾರಿಸ್‌ಗೆ ಕಳಿಸಿದರು. 1876ರಿಂದ 1882ರವರೆಗೆ ಅಲ್ಲಿದ್ದು, ಕಬಾನೆಲ್ ಎಂಬ ದೊಡ್ಡ ಮೇಷ್ಟ್ರ ಕೈಕೆಳಗೆ ಪಳಗಿದರು. ಮೈಕಟ್ಟು, ನೆರಳು-ಬೆಳಕು, ಅಳತೆ ಎಲ್ಲ ಅಲ್ಲಿಯ ಗರಡಿಯದ್ದು. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ.

1879ರಲ್ಲಿ ಪ್ಯಾರಿಸ್‌ನಲ್ಲೇ ಅವರು ಬ್ರೆಜಿಲ್‌ನ ಮರ ಕಡಿಯುವವನೊಬ್ಬನ ಚಿತ್ರ ಬರೆದರು. ಕೈಯಲ್ಲಿ ಕೊಡಲಿ, ಬಂಡೆಗೆ ಒರಗಿದ ಗಟ್ಟಿ ದೇಹ. ಚೆನ್ನಾಗಿದೆ, ಆದರೆ ಕಾಡು ಕಡಿದು ದಣಿದವನ ಹಾಗೆ ಕಾಣುವುದಿಲ್ಲ. ಸ್ಟುಡಿಯೋದಲ್ಲಿ ನಿಲ್ಲಿಸಿದ ಮಾಡೆಲ್ ಹಾಗೇ ಕಾಣುತ್ತಾನೆ. ನಿಮ್ಮ ಲೇಖಕರು ಈ ಚಿತ್ರ ನೋಡಿ ನಕಲು ಅಂದಿದ್ದರೆ ನಾನು ಸುಮ್ನಿರುತ್ತಿದ್ದೆ.

ಆದರೆ 1893ರ ಚಿತ್ರ ನೋಡಿ. ಒಳನಾಡಿನ ಹಳ್ಳಿಗರನ್ನು ಅಲ್ಲಿ ಕೈಪಿರಾ ಅನ್ನುತ್ತಾರೆ. ಅಂಥ ಒಬ್ಬ ಮನೆ ಬಾಗಿಲ ಮೆಟ್ಟಿಲ ಮೇಲೆ ಕೂತು ಹೊಗೆಸೊಪ್ಪು ಕತ್ತರಿಸುತ್ತಿದ್ದಾನೆ. ಬರಿಗಾಲು. ಗುಂಡಿ ಬಿಚ್ಚಿದ ಅಂಗಿ. ಹಿಂದೆ ತಡಿಕೆಗೆ ಮಣ್ಣು ಮೆತ್ತಿದ ಗೋಡೆ. ಸೊಪ್ಪು ಸುತ್ತಿಕೊಳ್ಳಲು ಗೋವಿನಜೋಳದ ಒಣ ಸಿಪ್ಪೆ ಕಿವಿಯ ಸಂದಿಯಲ್ಲಿ ಸಿದ್ಧವಾಗಿದೆ. ಚಾಕು ದೊಡ್ಡದು, ಆದರೆ ಆತನಿಗೆ ಒಂಚೂರೂ ಅವಸರವಿಲ್ಲ. ಮತ್ತೆ ಆ ಬಿಸಿಲು! ಅಕಾಡೆಮಿಯ ಕಂದು ಕತ್ತಲು ಎಲ್ಲೂ ಇಲ್ಲ. ನೆಲ, ಗೋಡೆ, ಅಂಗಿ ಎಲ್ಲ ಕಣ್ಣು ಕುಕ್ಕುತ್ತವೆ. ಅದು ಸಾವ್ ಪಾಲೊ ಒಳನಾಡಿನ ಮಟಮಟ ಮಧ್ಯಾಹ್ನ.

ಕ್ಯಾನ್ವಾಸು ಆಳೆತ್ತರದ್ದು. ಅಷ್ಟು ದೊಡ್ಡ ಅಳತೆಯನ್ನು ಅಕಾಡೆಮಿಯವರು ರಾಜರಿಗೆ, ಸಂತರಿಗೆ, ಯುದ್ಧಗಳಿಗೆ ಮೀಸಲಿಡುತ್ತಿದ್ದರು. ಐದೇ ವರ್ಷ ಹಿಂದೆ, 1888ರಲ್ಲಿ, ಅದೇ ದೇಶದ ಪೆದ್ರೊ ಅಮೆರಿಕೊ ಬ್ರೆಜಿಲ್ ಸ್ವಾತಂತ್ರ್ಯ ಘೋಷಣೆಯ ಭಾರೀ ಚಿತ್ರವನ್ನು ಬರೆದದ್ದು ಇಟಲಿಯ ಫ್ಲಾರೆನ್ಸ್‌ನಲ್ಲಿ ಕೂತು. ಕತ್ತಿ, ಕುದುರೆ, ಸಡಗರ ಎಲ್ಲ ಉಂಟು. ಅಲ್ಮೇಡಾ ಆ ಗೌರವವನ್ನು ಹೊಗೆಸೊಪ್ಪಿನವನಿಗೆ ಕೊಟ್ಟರು. ಕಬಾನೆಲ್ ಕಲಿಸಿದ್ದನ್ನು ಬಿಟ್ಟು ಅಲ್ಲ, ಅದನ್ನೇ ಬಳಸಿ. ಆ ಮೊಣಕಾಲು, ಆ ಬೆರಳುಗಳು ಅಷ್ಟು ನಿಖರವಾಗಿ ಕೂತಿರುವುದು ಅಕಾಡೆಮಿಯ ಕೈಯಿಂದಲೇ. ಹಾಗಿದ್ದಮೇಲೆ ನಕಲು ಹೇಗಾಯಿತು?

ಮರುವರ್ಷ ಕೊಡಲಿ ಮಸೆಯುವುದನ್ನು ನಿಲ್ಲಿಸಿ ಕೈ ಎತ್ತಿದವನ ಚಿತ್ರ ಬಂತು. ಸತ್ತ ವರ್ಷವೇ ಕಿಟಕಿಯಲ್ಲಿ ಕೂತು ತಂತಿವಾದ್ಯ ನುಡಿಸುವವನ ಚಿತ್ರ, ಜೊತೆಗೆ ಕಪ್ಪು ಬಟ್ಟೆಯ ದುಃಖದ ಹೆಂಗಸಿನ ಚಿತ್ರ.

ಅವರನ್ನು ತಲೆ ಮೇಲೆ ಹೊತ್ತು ಮೆರೆಸಿ ಅಂತ ನಾನು ಹೇಳುತ್ತಿಲ್ಲ. 1897ರ ದೊಡ್ಡ ಚಿತ್ರ, ತಿಯೆತೆ ನದಿಯಿಂದ ಹಿಂದಿನ ಕಾಲದ ಸಾಹಸಿಗಳ ದೋಣಿಗಳು ಒಳನಾಡಿಗೆ ಹೊರಡುವ ದೃಶ್ಯ, ಸಾವ್ ಪಾಲೊ ಸಿರಿವಂತರ ಹಿರಿಮೆಗೆ ಹೇಳಿ ಮಾಡಿಸಿದಂತಿದೆ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕೊನೆಯಾದದ್ದು 1888ರಲ್ಲಿ. ಕಾಫಿ ತೋಟಗಳ ನಡುವೆಯೇ ಬದುಕಿದ ಈ ಚಿತ್ರಕಾರ ಅಲ್ಲಿ ದುಡಿದ ಕಪ್ಪು ಜನರಿಗೆ ತನ್ನ ಹೆಸರಾದ ಹಳ್ಳಿ ಚಿತ್ರಗಳಲ್ಲಿ ಜಾಗ ಕೊಡಲಿಲ್ಲ. ಇದನ್ನು ನಿಮ್ಮ ಲೇಖಕರು ಕೇಳಿದ್ದರೆ ಒಳ್ಳೆಯ ಪ್ರಶ್ನೆಯಾಗುತ್ತಿತ್ತು. ಕೊಲೆಗಿಂತ ಎಷ್ಟೋ ಮುಖ್ಯವಾದ ಪ್ರಶ್ನೆ, ಅಲ್ವಾ?

ಇನ್ನೊಂದು ಮಾತು. ಅವರು ಹುಟ್ಟಿದ ಮೇ 8ನ್ನು ಬ್ರೆಜಿಲ್‌ನಲ್ಲಿ ಚಿತ್ರ-ಶಿಲ್ಪ ಕಲಾವಿದರ ದಿನವಾಗಿ ಆಚರಿಸುತ್ತಾರೆ. ಅಲ್ಲಿಯವರು ಹುಟ್ಟಿದ ದಿನ ನೆನೆಯುತ್ತಾರೆ, ನಾವು ಚೂರಿ ಇರಿತದ ದಿನ ಬರೆಯುತ್ತೇವೆ. ಲೇಖನದ ಜೊತೆ ನೀವು ಹಾಕಿದ್ದು ಅಂಚೆಚೀಟಿಯಷ್ಟು ಸಣ್ಣ ಕಪ್ಪು-ಬಿಳುಪು ಭಾವಚಿತ್ರ. ಹೊಗೆಸೊಪ್ಪಿನವನ ಚಿತ್ರ ಈಗ ಸಾವ್ ಪಾಲೊ ನಗರದ ಪಿನಾಕೊಟೆಕಾ ಮ್ಯೂಸಿಯಂನಲ್ಲಿದೆ. ಬರುವ ಭಾನುವಾರ ಅದನ್ನು ಬಣ್ಣದಲ್ಲಿ, ಕನಿಷ್ಠ ಅರ್ಧ ಪುಟಕ್ಕೆ ಹಾಕಿ. ಜಾಗ ಸಾಲದಿದ್ದರೆ ಈ ಪತ್ರವನ್ನೇ ಕತ್ತರಿಸಿ, ಬೇಜಾರಿಲ್ಲ.

ಇಂತಿ,
ನಿವೃತ್ತ ಡ್ರಾಯಿಂಗ್ ಮಾಸ್ತರ, ಧಾರವಾಡ